ಸ್ಟೀವನ್‌ಸನ್ನನ ಬೆಟ್ಟದ ಹಾದಿ: ಒಂಟಿ ನಡೆಯನ್ನು ಕುರಿತು ಕೆಲವು ವಿಚಾರಗಳು

೧

ಪ್ರವಾಸಸಾಹಿತ್ಯವನ್ನು ಕುರಿತು ಬರೆಯುವಾಗ ನಮ್ಮ ವಿಮರ್ಶಕರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುವುದುಂಟು. ಲೇಖಕನು ಏನೇನು ಕಂಡನು? ಕಂಡದ್ದನ್ನು ಎಷ್ಟು ಚೆನ್ನಾಗಿ ಬಣ್ಣಿಸಿದನು? ಎರಡೂ ಬೇಕಾದ ಪ್ರಶ್ನೆಗಳೇ. ಆದರೆ ಪರಿಚಯವಿಲ್ಲದ ಬೆಟ್ಟಸೀಮೆಯೊಂದನ್ನು ಒಬ್ಬನೇ ಕಾಲ್ನಡೆಯಲ್ಲಿ ಹಾದುಹೋದವನ ಬರಹವನ್ನು ಕೈಗೆತ್ತಿಕೊಂಡಾಗ ಮೂರನೆಯದೊಂದು ಪ್ರಶ್ನೆಯನ್ನೂ ಕೇಳಬೇಕಾಗುತ್ತದೆಯೆಂದು ನಮಗೆ ತೋರುತ್ತದೆ. ಅವನಿಗೆ ದಾರಿ ತೋರಿಸಿದವರು ಯಾರು? ಅವನ ಪುಸ್ತಕದಲ್ಲಿ ಅವರಿಗೆ ಸಂದ ಸ್ಥಾನವೇನು?

ಒಂಟಿಯಾಗಿ ನಡೆಯುವವನು ಸ್ವತಂತ್ರನೆಂದು ಲೋಕದ ನಂಬಿಕೆ. ವಾಸ್ತವವಾಗಿ ಅವನಷ್ಟು ಪರಾಧೀನನು ಮತ್ತೊಬ್ಬನಿಲ್ಲ. ಗುಂಪಿನಲ್ಲಿ ಹೋಗುವವರಿಗೆ ಬುತ್ತಿಯುಂಟು, ಮಾತುಂಟು, ಧೈರ್ಯವುಂಟು. ಒಬ್ಬನೇ ಹೋಗುವವನು ಸಂಜೆಯಾದೊಡನೆ ಯಾರದೋ ಬಾಗಿಲನ್ನು ತಟ್ಟಲೇಬೇಕು. ಕವಲುದಾರಿಯಲ್ಲಿ ಯಾರನ್ನೋ ಕೇಳಲೇಬೇಕು. ಆದ್ದರಿಂದ ಒಂಟಿ ನಡೆಯ ಪುಸ್ತಕವು ಏಕಾಂತದ ಪುಸ್ತಕವಾಗಿರುವುದಕ್ಕಿಂತ ಹೆಚ್ಚಾಗಿ ಋಣದ ಪುಸ್ತಕವಾಗಿರಬೇಕಾದದ್ದು ನ್ಯಾಯ. ಈ ದೃಷ್ಟಿಯಿಂದ ರಾಬರ್ಟ್ ಲೂಯಿ ಸ್ಟೀವನ್‌ಸನ್ನನ ‘ಟ್ರಾವೆಲ್ಸ್ ವಿತ್ ಎ ಡಾಂಕಿ ಇನ್ ದ ಸೇವೆನ್’ ಎಂಬ ಗ್ರಂಥವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ೧೮೭೯ರಲ್ಲಿ ಪ್ರಕಟವಾದ ಈ ಪುಸ್ತಕವು ಇಂಗ್ಲಿಷ್ ಪ್ರವಾಸಗದ್ಯದ ಮಾದರಿಗಳಲ್ಲೊಂದೆಂದು ಇಂದಿಗೂ ಗಣನೆಗೆ ಬರುತ್ತಿದೆ. ನಮ್ಮ ಉಪಾಧ್ಯಾಯ ಮಿತ್ರರು ಸ್ಟೀವನ್‌ಸನ್ನನನ್ನು ‘ಟ್ರೆಷರ್ ಐಲೆಂಡ್’ ಕಥೆಯ ಕರ್ತೃವೆಂದು ಬಲ್ಲರು. ಅದನ್ನು ಬರೆಯುವುದಕ್ಕೆ ಮುನ್ನ, ಇನ್ನೂ ಹೆಸರು ಮಾಡದಿದ್ದ ಕಾಲದಲ್ಲಿ, ಅವನು ನಡೆದ ನಡೆಯಿದು.

೨

ಸ್ಟೀವನ್‌ಸನ್ನನು ೧೮೫೦ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಹುಟ್ಟಿದನು. ಮನೆತನದವರು ಸಮುದ್ರತೀರದ ದೀಪಸ್ತಂಭಗಳನ್ನು ಕಟ್ಟಿ ಹೆಸರಾದ ಇಂಜಿನಿಯರುಗಳು. ಮಗನು ಆ ವೃತ್ತಿಯನ್ನು ಬಿಟ್ಟನು. ಕಾನೂನು ಓದಿ ಅದನ್ನೂ ಬಿಟ್ಟನು. ಬಾಲ್ಯದಿಂದಲೂ ಶ್ವಾಸಕೋಶದ ಬೇನೆ. ೧೮೭೩ರಲ್ಲಿ ಮತವಿಚಾರವಾಗಿ ತಂದೆಯೊಡನೆ ಕಠಿಣವಾದ ಮನಸ್ತಾಪ. ಮುಂದೆ ಫ್ರಾನ್ಸಿನಲ್ಲಿ ಫ್ಯಾನಿ ಆಸ್ಬರ್ನ್ ಎಂಬ ಅಮೆರಿಕದ ಮಹಿಳೆಯ ಪರಿಚಯವಾಗಿ ಅದು ಪ್ರೇಮಕ್ಕೆ ತಿರುಗಿತು. ಆಕೆ ವಿವಾಹಿತೆ, ಮಕ್ಕಳ ತಾಯಿ. ೧೮೭೮ರ ಆಗಸ್ಟ್ ತಿಂಗಳಲ್ಲಿ ಆಕೆ ಅಮೆರಿಕಕ್ಕೆ ಹಿಂದಿರುಗಿದಳು. ಆಕೆ ಮತ್ತೆ ದೊರೆಯುವಳೋ ಇಲ್ಲವೋ ಎಂಬುದು ಅವನಿಗೆ ತಿಳಿಯದು. ಈ ಮನಃಸ್ಥಿತಿಯಲ್ಲಿ ಅವನು ದಕ್ಷಿಣ ಫ್ರಾನ್ಸಿನ ವೆಲೇ ಸೀಮೆಯಲ್ಲಿರುವ ಲ ಮೊನಾಸ್ತಿಯೇ ಎಂಬ ಊರಿಗೆ ಬಂದು ಸುಮಾರು ಒಂದು ತಿಂಗಳು ನಿಂತನು. ಜಾಲರಿಯಂಥ ನೂಲಿನ ಕಸೂತಿಗೆ ಹೆಸರಾದ ಊರದು. ಅಲ್ಲಿಂದ ಸೆಪ್ಟೆಂಬರ್ ೨೨ರಂದು ಹೊರಟು, ಹನ್ನೆರಡು ದಿನಗಳಲ್ಲಿ ೧೨೦ ಮೈಲಿಗೂ ಮಿಗಿಲಾದ ಬೆಟ್ಟದ ದಾರಿಯನ್ನು ನಡೆದು, ಅಕ್ಟೋಬರ್ ೩ರಂದು ಸಾಂ ಜಾಂ ದ್ಯು ಗಾರ್ ಎಂಬ ಊರನ್ನು ಮುಟ್ಟಿದನು. ಆಗ ಅವನ ವಯಸ್ಸು ೨೭.

ಇಲ್ಲಿ ವಿಮರ್ಶಕನು ಗಮನಿಸಬೇಕಾದ ಸಂಗತಿಯೊಂದುಂಟು. ಈ ನಡೆಗೆ ಎರಡು ವರ್ಷ ಮುಂಚೆ, ೧೮೭೬ರಲ್ಲಿ, ಸ್ಟೀವನ್‌ಸನ್ನನು ‘ವಾಕಿಂಗ್ ಟೂರ್ಸ್’ ಎಂಬ ಪ್ರಬಂಧವನ್ನು ಬರೆದಿದ್ದನು. ಹ್ಯಾಜ್ಲಿಟ್ಟನು ಅದೇ ಶತಮಾನದ ಆದಿಭಾಗದಲ್ಲಿ ಬರೆದ ಪ್ರಸಿದ್ಧ ಪ್ರಬಂಧದ ಜಾಡನ್ನು ಹಿಡಿದದ್ದು ಅದು. ನಡೆಯುವುದಾದರೆ ಒಬ್ಬನೇ ನಡೆಯಬೇಕು. ಜೊತೆಗಾರನಿದ್ದರೆ ಅದು ನಡೆಯಲ್ಲ, ವಿಹಾರವಾಗುತ್ತದೆ. ಮನಬಂದಲ್ಲಿ ನಿಲ್ಲುವ, ಮನಬಂದತ್ತ ತಿರುಗುವ ಸ್ವಾತಂತ್ರ್ಯವೇ ಇದರ ಸಾರ ಎಂಬುದು ಅದರ ತಾತ್ಪರ್ಯ. ಬರೆದಾಗ ಅವನಿಗೆ ಅದು ಸಿದ್ಧಾಂತ. ೧೮೭೮ರಲ್ಲಿ ಆ ಸಿದ್ಧಾಂತವು ನೆಲದ ಮೇಲೆ ಪರೀಕ್ಷೆಗೆ ಬಂದಿತು. ಪ್ರಬಂಧವನ್ನೂ ಪ್ರವಾಸಗ್ರಂಥವನ್ನೂ ಒಂದರ ಪಕ್ಕದಲ್ಲೊಂದಿಟ್ಟು ಓದಿದರೆ, ಎರಡನೆಯದು ಮೊದಲನೆಯದಕ್ಕೆ ಬರೆದ ಉತ್ತರದಂತೆ ಕಾಣುತ್ತದೆ.

೩

ಹೊರಡುವ ಮೊದಲು ಅವನು ಕುರಿಯ ತುಪ್ಪಟದ ಒಳಪದರವಿರುವ ದೊಡ್ಡದೊಂದು ಮಲಗುವ ಚೀಲವನ್ನು ಹೊಲಿಸಿದನು. ಅದನ್ನು ಹೊರುವುದಕ್ಕೆ ಒಂದು ಕತ್ತೆ ಬೇಕಾಯಿತು. ಮೊಡೆಸ್ಟೀನ್ ಎಂಬ ಹೆಣ್ಣುಕತ್ತೆಯನ್ನು ೬೫ ಫ್ರಾಂಕಿಗೂ ಒಂದು ಲೋಟ ಬ್ರಾಂದಿಗೂ ಕೊಂಡನು. ಚೀಲಕ್ಕೆ ೮೦ ಫ್ರಾಂಕು ತಗುಲಿತ್ತಂತೆ. ಹೊರುವ ಜೀವಕ್ಕಿಂತ ಹೊರೆಯ ಬೆಲೆ ಹೆಚ್ಚು! ಈ ಲೆಕ್ಕವನ್ನು ಅವನೇ ನಗುತ್ತ ಓದುಗನ ಮುಂದಿಡುತ್ತಾನೆ. ನಗೆಯ ಮರೆಯಲ್ಲಿ ಪುಸ್ತಕದ ಒಂದು ಮುಖ್ಯ ವಿಷಯವಿದೆ: ಹೊರಟವನು ತನ್ನ ಊರನ್ನೇ ಕಟ್ಟಿಕೊಂಡು ಹೊರಟಿದ್ದಾನೆ. ಮೊಟ್ಟೆ ಕಡೆಯುವ ಕಡ್ಡಿ, ಬಿಳಿಯ ರೊಟ್ಟಿ, ಕುರಿಯ ತೊಡೆಯ ಮಾಂಸ, ಹಾಲಿಗೆಂದು ಬರಿಯ ಸೀಸೆ. ಮೊದಲ ಎರಡು ದಿನಗಳಲ್ಲೇ ಇವೆಲ್ಲವನ್ನೂ ಒಂದೊಂದಾಗಿ ದಾರಿಯ ಪಕ್ಕದಲ್ಲಿ ಎಸೆಯಬೇಕಾಯಿತು.

ಕತ್ತೆಯನ್ನು ನಡೆಸುವುದು ಅವನಿಗೆ ತಿಳಿಯದು. ಹಿಂದಿನಿಂದ ಬಂದ ಹಳ್ಳಿಗನೊಬ್ಬನು ನಗುನಗುತ್ತ ಒಂದು ಬರಲನ್ನು ಮುರಿದುಕೊಟ್ಟು, ಕತ್ತೆ ಹೊಡೆಯುವವರ ಕೂಗಾದ ‘ಪ್ರೂಟ್’ ಎಂಬುದನ್ನು ಹೇಳಿಕೊಟ್ಟನು. ಬುಶೆ ಸಾಂ ನಿಕೊಲಾ ಎಂಬ ಊರಿನ ಬಿಡಾರದವನು ತುದಿಗೆ ಮುಳ್ಳು ಸಿಕ್ಕಿಸಿದ ಕೋಲೊಂದನ್ನು ಮಾಡಿಕೊಟ್ಟನು. ಪುಸ್ತಕದಲ್ಲಿ ದಾರಿ ತೋರಿಸಿದವರ ಸಾಲು ಇಲ್ಲಿಂದ ಮೊದಲಾಗುತ್ತದೆ. ಲೇಖಕನು ಕಾಲೇಜಿನಲ್ಲಿ ಕಲಿತದ್ದೊಂದೂ ಇಲ್ಲಿ ಉಪಯೋಗಕ್ಕೆ ಬಾರದು. ಒಂದು ಕೂಗನ್ನೂ ಒಂದು ಕೋಲನ್ನೂ ಆ ನೆಲದವರಿಂದ ಪಡೆದಮೇಲೆಯೇ ಅವನ ಪ್ರಯಾಣ ಮುಂದೆ ಸಾಗುವುದು. ಈ ಭಾಗದ ಹಾಸ್ಯ ಸೊಗಸಾದದ್ದು. ಲೇಖಕನು ತನ್ನನ್ನೇ ನಗೆಗೆ ಈಡುಮಾಡಿಕೊಳ್ಳುವುದರಿಂದ ಅದು ಯಾರನ್ನೂ ನೋಯಿಸುವುದಿಲ್ಲ.

ಆದರೆ ಜೆವೊದಾನ್ ಸೀಮೆಯನ್ನು ಹೊಕ್ಕೊಡನೆ ಹಾಸ್ಯದ ಬಣ್ಣ ಬದಲಾಗುತ್ತದೆ. ೧೭೬೪ರಿಂದ ೧೭೬೭ರವರೆಗೆ ಮನುಷ್ಯರನ್ನು ಕೊಂದು ತಿಂದ ‘ಜೆವೊದಾನಿನ ಮೃಗ’ದ ಕಥೆಯಿಂದ ಹೆಸರಾದ ಬಡ ಸೀಮೆಯದು. ಕತ್ತಲಾಗುತ್ತಿದೆ, ಮಳೆ, ದಾರಿ ತಪ್ಪಿದೆ. ಕೇಳಿದರೆ ಹುಡುಗಿಯರಿಬ್ಬರು ಅಣಕಿಸುತ್ತಾರೆ. ಫೂಜಿಲಾಕ್ ಎಂಬ ಪುಟ್ಟ ಊರಿನಲ್ಲಿ ಮನೆಯ ಯಜಮಾನನೊಬ್ಬನು ಹೊಸ್ತಿಲು ದಾಟಿ ಹೊರಗೆ ಬರಲು ಒಪ್ಪುವುದಿಲ್ಲ. ಹೊರಗೆ ಕತ್ತಲೆಯೆಂಬುದೇ ಅವನು ಕೊಡುವ ಕಾರಣ. ಪ್ರವಾಸಿಯು ಕಾಡಿನಲ್ಲಿ ಮಲಗಬೇಕಾಗುತ್ತದೆ. ಕೋಪದಿಂದ ಅವನು ಆ ಹಳೆಯ ಮೃಗದ ಪಕ್ಷವನ್ನೇ ವಹಿಸಿಬಿಡುತ್ತಾನೆ.

ಓದುಗನು ನಗುತ್ತಾನೆ ನಿಜ. ಆದರೆ ಬೆಟ್ಟದೂರುಗಳಲ್ಲಿ ಬಾಳಿದವರು ಇಲ್ಲಿ ನಿಂತು ಯೋಚಿಸಬೇಕು. ಆ ಮನೆಯವನ ಕಣ್ಣಿಗೆ ಕಂಡದ್ದೇನು? ರಾತ್ರಿಯ ವೇಳೆ, ವಿಚಿತ್ರವಾದ ಉಡುಪಿನ, ಪರದೇಶದ ಉಚ್ಚಾರಣೆಯ ಗಂಡಸು. ಜೊತೆಗೊಂದು ಕತ್ತೆ, ಅದರ ಮೇಲೆ ಏನು ತುಂಬಿದೆಯೋ ತಿಳಿಯದ ಚೀಲ. ಹಗಲಲ್ಲಿ ಕಂಡವರೇ ಅವನನ್ನು ತಿರುಗುವ ವ್ಯಾಪಾರಿಯೆಂದು ಬಗೆಯುತ್ತಿದ್ದರು. ಅವನ ಸಾಮಾನಿನಲ್ಲಿ ರಿವಾಲ್ವರೂ ಇದ್ದಿತು. ತಾನು ಆಯುಧ ಹೊತ್ತುಬಂದು, ಎದುರಿಗಿರುವವನು ಬಾಗಿಲು ತೆರೆಯಲಿಲ್ಲವೆಂದು ಗದರುವುದು ಎಷ್ಟು ನ್ಯಾಯ? ಈ ಪ್ರಶ್ನೆಯನ್ನು ಸ್ಟೀವನ್‌ಸನ್ನನು ಕೇಳಿಕೊಳ್ಳುವುದಿಲ್ಲ. ಮರುದಿನ ಬೆಳಗ್ಗೆ ಪಕ್ಕದ ಊರಿನ ಮುದುಕನೊಬ್ಬನು ಮರುಕಪಟ್ಟು ದಾರಿಗೆ ಹಚ್ಚಿದ್ದನ್ನು ಅವನು ಮರೆಯದೆ ಬರೆಯುತ್ತಾನೆ, ಅದು ಸಮಾಧಾನದ ಸಂಗತಿ. ಆದರೂ ಪುಸ್ತಕದ ಈ ಮೊದಲ ಭಾಗದಲ್ಲಿ ಜನರು ಪಾತ್ರಗಳಾಗಿ ಮಾತ್ರ ಬರುತ್ತಾರೆ. ಅವರಿಗೊಂದು ನೆನಪಿದೆ, ಚರಿತ್ರೆಯಿದೆ, ಹೆದರುವುದಕ್ಕೆ ಕಾರಣವಿದೆ ಎಂಬ ಅರಿವು ಇನ್ನೂ ಮೂಡಿಲ್ಲ.

೪

ಪುಸ್ತಕದ ನಡುವೆ ಎರಡು ಪ್ರಸಂಗಗಳು ಬರುತ್ತವೆ. ಒಂದು, ‘ಹಿಮದ ಮಾತೆ’ಯ ಹೆಸರಿನ ಟ್ರಾಪಿಸ್ಟ್ ಸನ್ಯಾಸಿಗಳ ಮಠದಲ್ಲಿ ಕಳೆದ ರಾತ್ರಿ. ಮತ್ತೊಂದು, ಬ್ಲೇಮಾರ್ ಎಂಬ ಊರಿನ ಮೇಲಣ ಪೈನ್ ಮರಗಳ ತೋಪಿನಲ್ಲಿ ಬಯಲಿನಲ್ಲಿ ಮಲಗಿದ ರಾತ್ರಿ. ಇವೆರಡನ್ನೂ ಜೊತೆಯಾಗಿ ಓದಬೇಕು.

ಟ್ರಾಪಿಸ್ಟರದು ಮೌನವ್ರತ. ಪ್ರೊಟೆಸ್ಟಂಟ್ ಮನೆತನದ ಸ್ಟೀವನ್‌ಸನ್ನನಿಗೆ ಮಠವೆಂದರೆ ಒಳಗೊಳಗೇ ಅಳುಕು. ಆದರೆ ಸನ್ಯಾಸಿಗಳ ಶ್ರಮ, ಶಿಸ್ತು, ಅತಿಥಿಸತ್ಕಾರ ಇವುಗಳನ್ನು ಕಂಡು ಅವನು ಮನಸಾರೆ ಮೆಚ್ಚುತ್ತಾನೆ. ತೊಂದರೆ ಬಂದದ್ದು ಸನ್ಯಾಸಿಗಳಿಂದಲ್ಲ, ಅಲ್ಲಿ ತಂಗಿದ್ದ ಇಬ್ಬರು ಅತಿಥಿಗಳಿಂದ. ಒಬ್ಬನು ಹಳ್ಳಿಯ ಪಾದ್ರಿ, ಮತ್ತೊಬ್ಬನು ಹಳೆಯ ಸೈನಿಕ. ಇವನು ಪ್ರೊಟೆಸ್ಟಂಟನೆಂದು ತಿಳಿದೊಡನೆ ಮತಾಂತರಕ್ಕೆ ಒತ್ತಾಯಿಸತೊಡಗಿದರು. ತಂದೆಯೊಡನೆ ನಡೆದ ವಾಗ್ವಾದವನ್ನು ಬಿಟ್ಟು ದೂರ ಬಂದವನನ್ನು ಅದೇ ವಾಗ್ವಾದವು ಪರದೇಶದ ಬೆಟ್ಟದ ಮೇಲೆ, ಬೇರೊಂದು ಮತದ ವೇಷದಲ್ಲಿ, ಎದುರುಗೊಂಡಿತು. ಲೇಖಕನು ಹೆಚ್ಚಾಗಿ ಹೇಳಿಕೊಳ್ಳದೆ ತಾಳ್ಮೆಗೆಟ್ಟುದನ್ನಷ್ಟೇ ಸೂಚಿಸಿ ಮುಂದೆ ಹೋಗುತ್ತಾನೆ. ಈ ಸಂಯಮವು ಅವನ ಗದ್ಯದ ದೊಡ್ಡ ಗುಣ.

ಪೈನ್ ತೋಪಿನ ರಾತ್ರಿ ಇಡೀ ಪುಸ್ತಕದಲ್ಲಿ ಅತ್ಯಂತ ಪ್ರಸಿದ್ಧವಾದ ಅಧ್ಯಾಯ. ನಡುರಾತ್ರಿಯಲ್ಲಿ ಒಂದು ಗಳಿಗೆ ಬಯಲಿನಲ್ಲಿ ಮಲಗಿದ ಜೀವಗಳೆಲ್ಲ ಎಚ್ಚರಗೊಳ್ಳುತ್ತವೆಂದು ಅವನು ಹೇಳುವ ರೀತಿ, ನಕ್ಷತ್ರಗಳ ಬಣ್ಣವನ್ನು ಹೇಳುವ ರೀತಿ, ಬಳಿಯಲ್ಲಿ ಮೊಡೆಸ್ಟೀನ್ ಹುಲ್ಲು ಮೇಯುವ ಸಪ್ಪಳ, ಇವೆಲ್ಲ ಇಂಗ್ಲಿಷ್ ಗದ್ಯದ ಸಂಕಲನಗಳಲ್ಲಿ ಸೇರುತ್ತ ಬಂದಿವೆ. ಆದರೆ ಸಂಕಲನಕಾರರು ವರ್ಣನೆಗೆ ಕೊಟ್ಟ ಮನ್ನಣೆಯನ್ನು ಅದರೊಳಗಿನ ತಿರುವಿಗೆ ಕೊಡಲಿಲ್ಲ. ಏಕಾಂತದ ಸುಖವು ತುತ್ತತುದಿಯನ್ನು ಮುಟ್ಟಿದ ಆ ಗಳಿಗೆಯಲ್ಲೇ ಅವನಿಗೆ ಜೊತೆಯೊಂದು ಬೇಕೆನಿಸುತ್ತದೆ. ಮಾತಾಡದೆ, ಮುಟ್ಟುವಷ್ಟು ದೂರದಲ್ಲಿ ಸುಮ್ಮನಿರುವ ಸಂಗಾತಿಯಿದ್ದರೆ ಏಕಾಂತವು ಕೆಡುವುದಿಲ್ಲ, ಪೂರ್ಣವಾಗುತ್ತದೆ ಎಂಬುದು ಅವನು ಅಲ್ಲಿ ಕಂಡುಕೊಂಡ ಸತ್ಯ. ಎರಡು ವರ್ಷದ ಹಿಂದೆ ಒಬ್ಬನೇ ನಡೆಯಬೇಕೆಂದು ವಾದಿಸಿದವನ ಬಾಯಲ್ಲಿ ಈ ಮಾತು! ಈ ಪುಸ್ತಕದ ಬಹುಭಾಗವು ಫ್ಯಾನಿಯನ್ನು ನೆನೆದು ಆಡಿದ ಮಾತೇ ಎಂಬ ಅರ್ಥದಲ್ಲಿ ಅವನು ತನ್ನ ದಾಯಾದಿ ಸೋದರನಿಗೆ ಬರೆದ ಕಾಗದವೂ ಉಂಟು. ಆದ್ದರಿಂದ ಇದನ್ನು ಒಂಟಿತನದ ಸ್ತೋತ್ರವೆಂದು ಓದುವುದು ಪುಸ್ತಕದ ನಡುಭಾಗವನ್ನೇ ಬಿಟ್ಟು ಓದಿದಂತೆ.

ಬೆಳಗಾದಮೇಲೆ ಅವನು ಮಾಡಿದ ಕೆಲಸವೊಂದು ಸಣ್ಣದಾದರೂ ಅರ್ಥವತ್ತಾದದ್ದು. ಇಂಥ ಛತ್ರದಲ್ಲಿ, ಇಂಥ ಚಪ್ಪರದ ಕೆಳಗೆ ಬಿಟ್ಟಿಯಾಗಿ ಮಲಗಿದೆನಲ್ಲಾ ಎಂದು, ರಾತ್ರಿಯ ಬಾಡಿಗೆಯಾಗಿ ಹುಲ್ಲಿನ ಮೇಲೆ ನಾಣ್ಯಗಳನ್ನು ಇಟ್ಟು ಹೊರಟನು. ಅವು ಯಾವನಾದರೂ ಹಣವಂತ ದನದ ವ್ಯಾಪಾರಿಯ ಕೈಗೆ ಸಿಕ್ಕದಿರಲಿ ಎಂದು ಹಾರೈಸಿದನು. ವಿನೋದವೆಂದು ಇದನ್ನು ತಳ್ಳಿಹಾಕಬಹುದು. ನಮಗಾದರೋ ಪುಸ್ತಕದ ತಿರುವು ಇಲ್ಲಿಯೇ ಇದೆಯೆಂದು ತೋರುತ್ತದೆ. ಹಾದುಹೋಗುವವನು ಆ ನೆಲಕ್ಕೆ ಏನನ್ನೋ ಕೊಡಬೇಕಾದವನು ಎಂಬ ಭಾವನೆ ಮೊದಲ ಬಾರಿಗೆ ಮೂಡುತ್ತದೆ. ಯಾರಿಗೆ ಕೊಡಬೇಕೆಂಬುದು ಮಾತ್ರ ಇನ್ನೂ ತಿಳಿದಿಲ್ಲ.

೫

ಮರುದಿನ ಅವನು ಲೊಜೇರ್ ಬೆಟ್ಟವನ್ನು ಏರಿದನು. ಅದರ ಅತ್ಯುನ್ನತ ಶಿಖರ ೧,೬೯೯ ಮೀಟರ್. ಮರವಿಲ್ಲದ ಬೋಳುನೆತ್ತಿ, ದಾರಿಗುರುತಿಗೆ ನೆಟ್ಟ ಕಲ್ಲುಕಂಬಗಳು. ನೆತ್ತಿಯನ್ನು ಮುಟ್ಟಿದೊಡನೆ ದಕ್ಷಿಣದ ಕಡೆಗೆ ಬೆಟ್ಟದ ಮೇಲೆ ಬೆಟ್ಟ, ಕಣಿವೆಯ ಒಳಗೆ ಕಣಿವೆ ತೆರೆದು ತೋರುತ್ತದೆ. ಸೇವೆನ್ ಎಂಬ ಹೆಸರು ವಿಶೇಷವಾಗಿ ಸಲ್ಲುವ ನಾಡದು. ಪುಸ್ತಕದ ಗಡಿಯೂ ಇದೇ. ಹಿಂದೆ ಕ್ಯಾಥೊಲಿಕರ ಜೆವೊದಾನ್, ಮುಂದೆ ಪ್ರೊಟೆಸ್ಟಂಟರ ಸೇವೆನ್. ಇಲ್ಲಿಂದ ಕತ್ತೆಯ ಕಥೆ ಹಿಂದೆ ಸರಿದು ಚರಿತ್ರೆಯ ಕಥೆ ಮುಂದೆ ಬರುತ್ತದೆ.

ಆ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವುದು ಅವಶ್ಯ. ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ ೧೬೮೫ರಲ್ಲಿ ಪ್ರೊಟೆಸ್ಟಂಟರಿಗಿದ್ದ ಧರ್ಮಸ್ವಾತಂತ್ರ್ಯದ ಶಾಸನವನ್ನು ರದ್ದುಗೊಳಿಸಿದನು. ಸೇವೆನ್ ಬೆಟ್ಟಗಳ ರೈತರೂ ಉಣ್ಣೆ ಹಿಂಜುವವರೂ ಕಾಡಿನಲ್ಲಿ ಗುಟ್ಟಾಗಿ ಕೂಡಿ ಪ್ರಾರ್ಥಿಸತೊಡಗಿದರು. ಅವರನ್ನು ಹಿಡಿದು ಹಿಂಸಿಸುತ್ತಿದ್ದ ದು ಶೇಲಾ ಎಂಬ ಕ್ಯಾಥೊಲಿಕ್ ಧರ್ಮಾಧಿಕಾರಿಯನ್ನು ೧೭೦೨ರ ಜುಲೈ ೨೪ರ ರಾತ್ರಿ ತಾರ್ನ್ ನದಿಯ ದಂಡೆಯ ಪಾಂ ದ ಮಾಂವೇರ್ ಎಂಬ ಊರಿನಲ್ಲಿ ದಂಗೆಯೆದ್ದವರು ಕೊಂದರು. ಮುಂದಾಳಾದ ಎಸ್ಪ್ರಿ ಸೆಗಿಯೇ ಎಂಬಾತನನ್ನು ಕೆಲವೇ ದಿನಗಳಲ್ಲಿ ಅದೇ ಊರಿನಲ್ಲಿ ಜೀವಂತ ಸುಟ್ಟರು. ಆಮೇಲೆ ೧೭೦೪ರವರೆಗೆ ಘೋರವಾದ ಯುದ್ಧ ನಡೆಯಿತು. ರೊಟ್ಟಿ ಸುಡುವ ಕೆಲಸ ಕಲಿಯುತ್ತಿದ್ದ ಜಾಂ ಕಾವಲಿಯೇ ಎಂಬ ತರುಣನು ದೊರೆಯ ಸೈನ್ಯವನ್ನು ಎದುರಿಸುವ ದಳಪತಿಯಾದನು. ಸೈನ್ಯವು ನಾನೂರಕ್ಕೂ ಹೆಚ್ಚು ಊರುಕೇರಿಗಳನ್ನು ಹಾಳುಗೆಡವಿತು. ದಂಗೆಯವರನ್ನು ಕಾಮಿಸಾರರೆಂದು ಕರೆಯುತ್ತಾರೆ. ಆ ನಾಡಿನ ಮಾತಿನಲ್ಲಿ ಅಂಗಿಗೆ ಕಾಮಿಸ ಎನ್ನುವುದರಿಂದ ಈ ಹೆಸರು ಬಂದಿತೆಂದು ಸಾಮಾನ್ಯವಾಗಿ ಹೇಳುವರು. ನಮ್ಮ ‘ಕಮೀಜು’ ಅದೇ ಮೂಲಪದದ ದೂರದ ನೆಂಟ.

ಸ್ಟೀವನ್‌ಸನ್ನನಿಗೆ ಈ ಕಥೆ ಏಕೆ ಇಷ್ಟು ಹತ್ತಿರವಾಯಿತು? ಉತ್ತರವು ಅವನ ಬಾಲ್ಯದಲ್ಲಿದೆ. ಸ್ಕಾಟ್ಲೆಂಡಿನಲ್ಲಿಯೂ ಹದಿನೇಳನೆಯ ಶತಮಾನದಲ್ಲಿ ಕವೆನೆಂಟರರೆಂಬ ಜನರು ತಮ್ಮ ಆರಾಧನಾಕ್ರಮಕ್ಕಾಗಿ ಬೆಟ್ಟಬಯಲುಗಳಲ್ಲಿ ಗುಟ್ಟಾಗಿ ಕೂಡಿ, ದೊರೆಯ ಸೈನ್ಯದೊಡನೆ ಕಾದಿ ಮಡಿದಿದ್ದರು. ಅವರ ಕಥೆಗಳನ್ನು ಅವನಿಗೆ ಹೇಳಿದವಳು ಅವನನ್ನು ಸಾಕಿದ ದಾದಿ ಆಲಿಸನ್ ಕನ್ನಿಂಗ್‌ಹ್ಯಾಮ್. ಅವನ ಮೊತ್ತಮೊದಲ ಮುದ್ರಿತ ಕೃತಿಯೂ, ೧೮೬೬ರಲ್ಲಿ ಹದಿನಾರು ವರ್ಷದ ಹುಡುಗನಾಗಿದ್ದಾಗ ಬರೆದದ್ದು, ಕವೆನೆಂಟರರ ೧೬೬೬ರ ದಂಗೆಯನ್ನು ಕುರಿತ ‘ದ ಪೆಂಟ್‌ಲೆಂಡ್ ರೈಸಿಂಗ್’ ಎಂಬ ಕಿರುಹೊತ್ತಗೆ. ಹೀಗಿರುವಲ್ಲಿ ಲೊಜೇರ್ ಬೆಟ್ಟವನ್ನು ದಾಟಿದಾಗ ಅವನು ಪರದೇಶವನ್ನು ಹೊಗಲಿಲ್ಲ. ದಾದಿಯ ಕಥೆಗಳ ಊರನ್ನೇ ಹೊಕ್ಕನು. ಹಳ್ಳಿಗರನ್ನು ಪ್ರಶ್ನೆ ಕೇಳುತ್ತಾನೆ, ಉತ್ತರವನ್ನು ತಾಳ್ಮೆಯಿಂದ ಆಲಿಸುತ್ತಾನೆ. ನೂರೆಪ್ಪತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಯುದ್ಧವನ್ನು ಜನರು ನಿನ್ನೆ ಮೊನ್ನೆಯದೆಂಬಂತೆ ನೆನೆಯುವುದನ್ನು ಕಂಡು ಬೆರಗಾಗುತ್ತಾನೆ. ದಂಗೆಯವರು ಗುಹೆಗಳಲ್ಲಿ ಆಯುಧಗಳನ್ನು ಕೂಡಿಟ್ಟಿದ್ದ ಕಸ್ಸಾಞಾಸ್ ಎಂಬ ಊರಿನಲ್ಲಿ ನಿಂತು ಅದನ್ನು ನೆನೆಯುತ್ತಾನೆ.

ಈ ಬದಲಾವಣೆಗೆ ಒಂದು ಸಾಕ್ಷಿಯನ್ನು ಕೊಡಬೇಕಾದರೆ ಫ್ಲೊರಾಕ್ ಊರಿನ ಕಾಫಿಯಂಗಡಿಯ ಪ್ರಸಂಗವನ್ನು ಹೇಳಬೇಕು. ಮುಂದಿನ ದಾರಿ ಯಾವುದೆಂದು ಕೇಳಿದಾಗ ಅಲ್ಲಿ ಕೂಡಿದ್ದವರೆಲ್ಲ ತಲೆಗೊಂದು ಸಲಹೆ ಕೊಡುತ್ತಾರೆ. ಸರ್ಕಾರದ ಕಚೇರಿಯಿಂದಲೇ ನಕ್ಷೆಯನ್ನು ತರಿಸಿ, ಬಟ್ಟಲು ಲೋಟಗಳ ನಡುವೆ ಹರಡಿ, ಬೆರಳಿಟ್ಟು ತೋರಿಸುತ್ತಾರೆ. ಅವರಲ್ಲಿ ಪ್ರೊಟೆಸ್ಟಂಟರೇ ಹೆಚ್ಚು. ಆದರೆ ಕ್ಯಾಥೊಲಿಕರೂ ಅವರೊಡನೆ ಸರಾಗವಾಗಿ ಬೆರೆತಿದ್ದಾರೆ. ಒಂದು ಕಾಲದಲ್ಲಿ ಕೊಂದಾಡಿದವರ ಮೊಮ್ಮಕ್ಕಳು ಒಂದೇ ಮೇಜಿನ ಸುತ್ತ ಕುಳಿತು ಪರದೇಶಿಯೊಬ್ಬನಿಗೆ ದಾರಿ ಹುಡುಕಿಕೊಡುವ ಈ ಚಿತ್ರ ಪುಸ್ತಕದ ಅತ್ಯುತ್ತಮ ಚಿತ್ರವೆಂದು ನಾವು ಭಾವಿಸುತ್ತೇವೆ. ಪೈನ್ ತೋಪಿನ ನಕ್ಷತ್ರಗಳಿಗಿಂತಲೂ ಇದರ ಬೆಳಕು ಹೆಚ್ಚಿನದು. ಫೂಜಿಲಾಕಿನ ಮುಚ್ಚಿದ ಬಾಗಿಲಿನಿಂದ ಫ್ಲೊರಾಕ್‌ನ ಹರಡಿದ ನಕ್ಷೆಯವರೆಗೆ: ಪುಸ್ತಕವು ನಿಜವಾಗಿ ನಡೆದ ದೂರ ಇಷ್ಟು.

೬

ಗುಣವನ್ನು ಹೇಳಿದಮೇಲೆ ದೋಷವನ್ನೂ ಹೇಳಬೇಕು. ಮೊದಲನೆಯದು, ಮೇಲೆ ಸೂಚಿಸಿದ ಪಕ್ಷಪಾತ. ಲೊಜೇರ್‌ನ ಈಚೆಗೆ ತೋರಿದ ಆಲಿಸುವ ಗುಣವನ್ನು ಅವನು ಆಚೆಗೆ ತೋರಲಿಲ್ಲ. ತನ್ನ ಬಾಲ್ಯದ ಕಥೆಗೆ ಹೊಂದುವ ಜನರು ಆತ್ಮವುಳ್ಳವರಾಗಿ ಕಂಡರು. ಹೊಂದದವರು ಒರಟರಾಗಿ ಕಂಡರು. ಕ್ಯಾಥೊಲಿಕರ ವಿಷಯದಲ್ಲಿ ಅವನು ನ್ಯಾಯವಾಗಿರಲು ಯತ್ನಿಸಿದ್ದಾನೆ, ದು ಶೇಲಾನ ಧೈರ್ಯವನ್ನೂ ಮರೆಮಾಡಿಲ್ಲ. ಆದರೆ ಯತ್ನಕ್ಕೂ ಸಹಜವಾದ ಒಲವಿಗೂ ಇರುವ ಅಂತರವು ಓದುಗನಿಗೆ ತಿಳಿಯುತ್ತದೆ.

ಎರಡನೆಯದು ಮೊಡೆಸ್ಟೀನಳ ಪಾಡು. ಮುಳ್ಳುಗೋಲಿನ ಪ್ರಯೋಗವನ್ನು ಅವನು ವಿನೋದವಾಗಿ ವರ್ಣಿಸುತ್ತಾನೆ. ದಾರಿಯ ನಡುವೆ ಅದರ ಮುಂಗಾಲುಗಳ ಒಳಮೈ ಹಸಿಯಾಗಿ ಕಿತ್ತುಹೋದುದನ್ನು ಕಂಡಮೇಲೂ ಆ ವಿನೋದ ಪೂರ್ತಿ ಹಿಂಗುವುದಿಲ್ಲ. ಕೊನೆಯಲ್ಲಿ ಕತ್ತೆಯನ್ನು ಜೀನುಸಹಿತ ೩೫ ಫ್ರಾಂಕಿಗೆ ಮಾರಿ, ಬಂಡಿಯೇರಿ ಆಲೇಸ್ ಪಟ್ಟಣದ ಕಡೆಗೆ ಹೊರಟಾಗ ಅವನಿಗೆ ಅಳು ಬರುತ್ತದೆ. ಈ ಕಣ್ಣೀರು ಅಗ್ಗದ್ದೆಂದು ಹೇಳುವವರಿದ್ದಾರೆ. ನಮ್ಮ ಅಭಿಪ್ರಾಯ ಬೇರೆ. ಕೊಂಡ ಬೆಲೆಯನ್ನೂ ಮಾರಿದ ಬೆಲೆಯನ್ನೂ ಮರೆಮಾಚದೆ ಬರೆದು ಆಮೇಲೆ ಅತ್ತವನ ಅಳುವಿನಲ್ಲಿ ಕಪಟವಿಲ್ಲ. ಆದರೆ ಅದು ತಡವಾಗಿ ಬಂದ ಅಳು. ಹನ್ನೆರಡು ದಿನ ತನ್ನ ಹೊರೆಯನ್ನು ಹೊತ್ತ ಜೊತೆಗಾತಿಯೊಬ್ಬಳಿದ್ದಳೆಂಬುದು ಆಕೆ ಇಲ್ಲವಾದಮೇಲೆ ಅವನಿಗೆ ಹೊಳೆಯಿತು. ಪೈನ್ ತೋಪಿನಲ್ಲಿ ಮಾತಾಡದ ಸಂಗಾತಿಯನ್ನು ಬಯಸಿದಾಗ ಬಳಿಯಲ್ಲೇ ಮೇಯುತ್ತಿದ್ದ ಜೀವವು ಅವನ ಲೆಕ್ಕಕ್ಕೆ ಬಂದಿರಲಿಲ್ಲ.

ಮೂರನೆಯ ಕೊರತೆ ಭಾಷೆಗೆ ಸಂಬಂಧಿಸಿದ್ದು. ಗಡಿಸೀಮೆಯ ಉಪಾಧ್ಯಾಯರಾದ ನಾವು ಇದನ್ನು ಇತರರಿಗಿಂತ ಬೇಗ ಗುರುತಿಸಬಲ್ಲೆವು. ಆ ಬೆಟ್ಟಗಳ ಮನೆಮಾತು ಫ್ರೆಂಚ್ ಅಲ್ಲ. ಒಕ್ಸಿತಾನ್ ಎಂಬ ಬೇರೆಯೇ ಭಾಷೆಯ ಒಳನುಡಿಗಳು. ಕಚೇರಿಗೂ ಶಾಲೆಗೂ ಮಾತ್ರ ಫ್ರೆಂಚ್. ೧೮೮೨ರಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯವಾದಮೇಲೆ ಶಾಲೆಯ ಭಾಷೆಯ ಒತ್ತಡದಲ್ಲಿ ಮನೆಮಾತು ವರ್ಷವರ್ಷಕ್ಕೂ ಹಿಂದೆ ಸರಿಯಿತು. ಸ್ಟೀವನ್‌ಸನ್ನನಿಗೆ ಬರುತ್ತಿದ್ದುದು ಫ್ರೆಂಚ್. ಆದ್ದರಿಂದ ಅವನು ಕೇಳಿದ್ದು ಜನರು ಪರಊರಿನವನಿಗಾಗಿ ತರ್ಜುಮೆ ಮಾಡಿ ಹೇಳಿದ ಮಾತನ್ನು. ಅಜ್ಜಿಯೊಬ್ಬಳು ಮೊಮ್ಮಗನಿಗೆ ಹೇಳುವ ಕಥೆಗೂ ಅದೇ ಕಥೆಯನ್ನು ಅಧಿಕಾರಿಯ ಭಾಷೆಯಲ್ಲಿ ಅಧಿಕಾರಿಯ ಮುಂದೆ ಹೇಳುವುದಕ್ಕೂ ಎಷ್ಟು ವ್ಯತ್ಯಾಸವೆಂಬುದನ್ನು ಗಡಿಯ ಶಾಲೆಗಳಲ್ಲಿ ಪಾಠ ಹೇಳಿದವರಿಗೆ ವಿವರಿಸಬೇಕಾಗಿಲ್ಲ. ಕಾಮಿಸಾರರ ಯುದ್ಧದ ಅಧ್ಯಾಯಗಳು ಎಷ್ಟೋ ಕಡೆ ಮುದ್ರಿತ ಚರಿತ್ರೆಗಳ ವಾಸನೆಯನ್ನು ಬಿಡದಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಇಷ್ಟಾದರೂ ಗ್ರಂಥದ ತೂಕ ಕಡಿಮೆಯಾಗದು. ದಾರಿಯಲ್ಲಿ ಅವನು ಬರೆದಿಟ್ಟ ದಿನಚರಿಯು ೧೯೭೮ರಲ್ಲಿ, ಪ್ರಯಾಣಕ್ಕೆ ನೂರು ವರ್ಷ ತುಂಬಿದಾಗ, ಬೇರೆಯಾಗಿ ಅಚ್ಚಾಯಿತು. ದಿನಚರಿಗೂ ಗ್ರಂಥಕ್ಕೂ ನಡುವೆ ಅವನು ಏನನ್ನು ತಿದ್ದಿದ, ಏನನ್ನು ಸೇರಿಸಿದ ಎಂಬುದನ್ನು ಹೋಲಿಸಿ ನೋಡುವ ಅನುಕೂಲ ಈಗ ವಾಚಕರಿಗಿದೆ. ಅವನ ಮುಂದಿನ ಬರವಣಿಗೆಗೂ ಈ ನಡೆಯಿಂದ ಲಾಭವಾಯಿತು. ೧೮೮೬ರ ‘ಕಿಡ್ನ್ಯಾಪ್ಡ್’ ಕಾದಂಬರಿಯಲ್ಲಿ ಇಬ್ಬರು ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಸೈನಿಕರ ಕಣ್ಣುತಪ್ಪಿಸಿ ದಿನಗಟ್ಟಲೆ ನಡೆಯುವ ಭಾಗವಿದೆ. ಅಲ್ಲಿ ಪ್ರತಿಯೊಂದು ಬಾಗಿಲೂ ಆಶ್ರಯವಾಗಬಹುದು, ಅಪಾಯವೂ ಆಗಬಹುದು. ಮುಚ್ಚಿದ ಬಾಗಿಲಿನ ಹಿಂದಿನ ಹೆದರಿಕೆಯನ್ನು ಅರಿಯದೆ ಅದನ್ನು ಬರೆಯಲಾಗುತ್ತಿರಲಿಲ್ಲ.

೭

ಕನ್ನಡದಲ್ಲಿ ಪ್ರವಾಸಗ್ರಂಥಗಳಿಗೆ ಕೊರತೆಯಿಲ್ಲ. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ಯಿಂದ ಮೊದಲುಗೊಂಡು ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ವಿನವರೆಗೆ ನಮ್ಮಲ್ಲಿ ಬೆಳೆದ ಪರಂಪರೆ ಬಹುಮಟ್ಟಿಗೆ ಜೊತೆಗೂಡಿ ಹೋದವರದು. ಸ್ವಾಮಿಯವರು ವಿದ್ಯಾರ್ಥಿಗಳೊಡನೆ ಬೆಟ್ಟ ಹತ್ತಿದರು; ಅವರ ಪುಸ್ತಕದ ಜೀವಾಳವೇ ಆ ಒಡನಾಟ. ಹಾಗಾಗಿ ನಮ್ಮಲ್ಲಿ ಒಂಟಿ ನಡೆಯ ಗ್ರಂಥಗಳು ವಿರಳವೆಂಬುದನ್ನು ಕೊರತೆಯೆಂದು ಎಣಿಸಬೇಕಾಗಿಲ್ಲ. ಜೊತೆಯಲ್ಲಿ ನಡೆದರೂ ಒಬ್ಬನೇ ನಡೆದರೂ ದಾರಿ ತೋರಿದವರ ಋಣವನ್ನು ಬರೆದಿಡುವುದು ಮುಖ್ಯ.

ಸ್ಟೀವನ್‌ಸನ್ನನು ನಡೆದ ಹಾದಿ ಇಂದು ಜಿ. ಆರ್. ೭೦ ಎಂಬ ಸಂಖ್ಯೆಯ ಕಾಲ್ನಡಿಗೆಯ ಮಾರ್ಗವಾಗಿ, ಅವನ ಹೆಸರಿನಲ್ಲೇ ಪ್ರಸಿದ್ಧವಾಗಿದೆ. ಹಲವರು ಕತ್ತೆಗಳನ್ನು ಬಾಡಿಗೆಗೆ ಪಡೆದು ಅಲ್ಲಿ ನಡೆಯುತ್ತಾರೆ. ಹನ್ನೆರಡೇ ದಿನ ಅಲ್ಲಿದ್ದವನ ಹೆಸರು ಆ ದಾರಿಗೆ ನಿಂತಿತು. ಅವನಿಗೆ ಕೂಗನ್ನು ಕಲಿಸಿದವನ ಹೆಸರು ನಮಗೆ ತಿಳಿಯದು. ಬರೆದವನದು ಊರಾಗುತ್ತದೆ, ಬರೆಯದವನದು ಕಾಡಾಗುತ್ತದೆ. ಲೋಕದಲ್ಲಿ ಇದು ನಡೆದುಬಂದ ರೀತಿ.

ಇದರಿಂದ ನಾವು ಕಲಿಯಬೇಕಾದದ್ದೇನು?

ತಾಳವಾಡಿಯ ಮಲೆಗಳಲ್ಲಿ, ನೀಲಗಿರಿಯ ಹಟ್ಟಿಗಳ ಬಳಿ, ವಯನಾಡಿನ ಘಟ್ಟದ ಮೇಲೆ ಕನ್ನಡ ಬಲ್ಲ ಉಪಾಧ್ಯಾಯರಿಗೆ ಹನ್ನೆರಡು ದಿನಗಳ ಗಡುವಿಲ್ಲ. ವರ್ಷಗಟ್ಟಲೆ ಅದೇ ದಾರಿಯಲ್ಲಿ ಹೋಗಿಬರುವ ಭಾಗ್ಯ ಅವರದು. ಮನೆಮಾತನ್ನು ತರ್ಜುಮೆಯಿಲ್ಲದೆ ಕೇಳುವ ಕಿವಿಯೂ ಅವರಿಗುಂಟು. ಸ್ಟೀವನ್‌ಸನ್ನನಿಗಿದ್ದ ಗದ್ಯಶಕ್ತಿ ಎಲ್ಲರಿಗೂ ಬಾರದು, ಬರಬೇಕಾಗಿಯೂ ಇಲ್ಲ. ಬೆಟ್ಟದ ತಿರುವುಗಳ ಹೆಸರು, ಹಳೆಯ ಕಾಲುದಾರಿಗಳು ಹೋಗಿ ಸೇರುವ ಊರುಗಳು, ಸಂತೆಗೆ ಎತ್ತು ಹೊಡೆದವರು ಇಳಿದುಕೊಳ್ಳುತ್ತಿದ್ದ ಕಟ್ಟೆಗಳು, ದನ ಕರೆಯುವ ಕೂಗುಗಳು, ಹೇಳಿದವರ ಹೆಸರುಸಹಿತ ಒಂದು ನೋಟುಬುಕ್ಕಿನಲ್ಲಿ ಏರಿದರೆ ಸಾಕು. ಹಿಂದಿನವರ ನೆನಪು ಬಾಯಿಂದ ಬಾಯಿಗೆ ದಾಟುವ ಹಾದಿ ನಮ್ಮ ಸೀಮೆಗಳಲ್ಲಿಯೂ ಕಿರಿದಾಗುತ್ತಿದೆ. ಮುಂದೆಂದಾದರೂ ಒಬ್ಬ ಸ್ಟೀವನ್‌ಸನ್ನನು ನಮ್ಮ ಬೆಟ್ಟಗಳಿಗೆ ಬಂದಾನು. ಆಗ ಅವನೆದುರು ಹರಡುವುದಕ್ಕೆ, ಫ್ಲೊರಾಕ್ ಊರಿನವರಲ್ಲಿದ್ದಂತೆ, ನಮ್ಮ ಕೈಯಲ್ಲೊಂದು ನಕ್ಷೆ ಇರಬೇಕು. ಅದರ ಮೇಲಿನ ಹೆಸರುಗಳು ನಮ್ಮ ಜನರು ಇಟ್ಟವಾಗಿರಬೇಕು.